ಮಂಜಿನಲ್ಲಿ ಹಕ್ಕಿ ಫೋಟೊ: ತುಂಗಭದ್ರಾ ಸೀಮೆಯ ಹಿನ್ನೀರು, ಕೆರೆ, ಗದ್ದೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಡಿಸೆಂಬರ್ ಬಂದರೆ ಸಾಕು, ಒಂದೇ ತರಹದ ಫೋಟೊಗಳು ನನಗೆ ಬರಲು ಶುರುವಾಗುತ್ತವೆ. ಬೂದಿ ಬಣ್ಣದ ಹಿನ್ನೆಲೆ, ನಡುವೆ ಒಂದು ಮಸುಕು ಚುಕ್ಕೆ, ಜೊತೆಗೊಂದು ಪ್ರಶ್ನೆ: "ಮಂಜಿತ್ತು ಸರ್, ಶಾರ್ಪ್ ಬರ್ಲಿಲ್ಲ. ಯಾವ ಲೆನ್ಸ್ ತಗೊಳ್ಳಲಿ?" ಲೆನ್ಸ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಬಹಳಷ್ಟು ಸಲ ತಪ್ಪು ಆಗಿರುವುದು ಶಟರ್ ಒತ್ತುವ ಮೊದಲೇ. ನಿಂತ ಜಾಗ ತಪ್ಪು, ಹಕ್ಕಿಗೂ ನಿಮಗೂ ನಡುವಿನ ದೂರ ತಪ್ಪು.

ಅದಕ್ಕೇ ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ದೂರ, ಆಮೇಲೆ ಬೆಳಕಿನ ದಿಕ್ಕು, ನಂತರ ಎಕ್ಸ್‌ಪೋಷರ್ (ಕ್ಯಾಮೆರಾಗೆ ಎಷ್ಟು ಬೆಳಕು ಬಿಡಬೇಕು ಎಂಬುದು), ಕೊನೆಗೆ ಫೋಕಸ್. ಹೆಚ್ಚಿನವರು ಹಕ್ಕಿ ಕಂಡ ಕೂಡಲೇ ಫೋಕಸ್‌ಗೆ ಒದ್ದಾಡುತ್ತಾರೆ, ಉಳಿದದ್ದನ್ನು ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಸರಿಮಾಡಲು ನೋಡುತ್ತಾರೆ. ಅದು ಆಗುವ ಕೆಲಸವಲ್ಲ.

ಹಂತ 1: ಮಂಜು ಬೀಳುತ್ತದೋ ಇಲ್ಲವೋ, ಹಿಂದಿನ ರಾತ್ರಿಯೇ ನೋಡಿ

ನಮ್ಮದು ಬಿಸಿಲು ಸೀಮೆ. ಮಲೆನಾಡಿನ ಹಾಗೆ ದಿನಾ ಮಂಜು ಬೀಳುವುದಿಲ್ಲ, ಬಿದ್ದರೂ ಎಲ್ಲ ಕಡೆ ಬೀಳುವುದಿಲ್ಲ. ಕೊಪ್ಪಳ ಪೇಟೆಯಲ್ಲಿ ಆಕಾಶ ನಿಚ್ಚಳವಾಗಿರುತ್ತದೆ, ಹಿನ್ನೀರಿನ ಅಂಚಿಗೆ ಹೋದರೆ ಎದುರಿನ ಜಾಲಿ ಗಿಡ ಕಾಣುವುದಿಲ್ಲ.

ನವೆಂಬರ್‌ನಿಂದ ಜನವರಿವರೆಗೆ ಒಳ್ಳೆ ಸಮಯ. ಮಂಜಿಗೆ ಮೂರು ಸಂಗತಿ ಕೂಡಬೇಕು. ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಬಿದ್ದಿರಬೇಕು, ನೆಲ ಹಸಿಯಾಗಿರಬೇಕು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ತೇವದ ಗಾಳಿಯೂ ತಣಿದು ಮಂಜಾಗುತ್ತದೆ. ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ಮಂಜು ದಟ್ಟವಾಗಿ ಕೂರುವುದು ಇದರಿಂದಲೇ. ಒಣ ಬೇಸಾಯದ ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಬಿದ್ದ ಮಾರನೇ ದಿನ ಸಿಕ್ಕರೆ ಸಿಕ್ಕಿತು.

ಹವಾಮಾನದ ಆ್ಯಪ್‌ನಲ್ಲಿ ಮಳೆಯ ಚಿತ್ರ ನೋಡಿ ಸುಮ್ಮನಾಗಬೇಡಿ. ಬೆಳಗಿನ ಜಾವ 5 ಗಂಟೆಯ ಉಷ್ಣಾಂಶ, ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ) ಎರಡನ್ನೂ ನೋಡಿ. ಎರಡರ ನಡುವೆ 1 ಅಥವಾ 2 ಡಿಗ್ರಿ ಮಾತ್ರ ವ್ಯತ್ಯಾಸವಿದ್ದು ಗಾಳಿ ತೀರಾ ಕಡಿಮೆ ಇದ್ದರೆ ಅಲಾರಂ ಇಡಿ. ಗಾಳಿ ಜೋರಿದ್ದರೆ ಮಲಗಿ.

ಒಂದು ಎಚ್ಚರಿಕೆ. ಹೊಗೆ ಮಂಜಲ್ಲ. ಭತ್ತ ಕೊಯ್ದ ಮೇಲೆ ಹುಲ್ಲಿಗೆ ಬೆಂಕಿ ಇಡುವ ದಿನಗಳಲ್ಲಿ ಬೆಳಗ್ಗೆ ಕಾಣುವ ಮುಸುಕು ಬಹುಪಾಲು ಹೊಗೆಯೇ. ಅದರಲ್ಲಿ ಸೂರ್ಯ ಕೆಂಪಗೆ, ಕಂದಾಗಿ ಕಾಣುತ್ತಾನೆ. ಮೂಗಿಗೂ ಗೊತ್ತಾಗುತ್ತದೆ. ಮಂಜು ಬಿಸಿಲೇರಿದಂತೆ ಕರಗುತ್ತದೆ, ಹೊಗೆ ಅಷ್ಟು ಬೇಗ ಕರಗುವುದಿಲ್ಲ. ಸಂಡೂರು ಕಡೆ ಲಾರಿ ಓಡಾಡುವ ರಸ್ತೆಯ ಪಕ್ಕದ ಕೆಂಪು ಧೂಳಿಗೂ ಇದೇ ಮಾತು. ಇವೆರಡರಲ್ಲೂ ಹಕ್ಕಿಯ ಬಣ್ಣ ಕೊಳೆಯಾಗಿ ಬರುತ್ತದೆ. ಲೆನ್ಸಿಗೂ ಕೇಡು.

ಹಂತ 2: ಜಾಗವನ್ನು ಹಗಲಲ್ಲೇ ಗೊತ್ತುಮಾಡಿಕೊಳ್ಳಿ

ಮಂಜಿನಲ್ಲಿ ಹೋಗಿ ಜಾಗ ಹುಡುಕುತ್ತೇನೆ ಅಂದರೆ ಆಗದು. ಹಿಂದಿನ ಸಂಜೆ ಹೋಗಿ ಮೂರು ವಿಷಯ ನೋಡಿಕೊಳ್ಳಿ. ಹಕ್ಕಿ ಎಲ್ಲಿ ಕೂರುತ್ತದೆ, ನೀವು ಎಲ್ಲಿ ಕೂರುತ್ತೀರಿ, ಸೂರ್ಯ ಎಲ್ಲಿ ಹುಟ್ಟುತ್ತಾನೆ. ಹಕ್ಕಿ ಕೂರುವ ಜಾಗ ನಿಮ್ಮಿಂದ 15ರಿಂದ 25 ಮೀಟರ್ ಒಳಗಿರಬೇಕು. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ, ಏಕೆಂದು ಮುಂದೆ ಹೇಳುತ್ತೇನೆ.

ಈ ಲೆಕ್ಕಕ್ಕೆ ನನ್ನ ಮೊದಲ ಆಯ್ಕೆ ಹಿನ್ನೀರಲ್ಲ, ಉಪಕಾಲುವೆ. ಆಶ್ಚರ್ಯವಾಗಬಹುದು. ಕಾಲುವೆ ಅಗಲ ಕಡಿಮೆ, ಎದುರು ದಂಡೆ ಹತ್ತಿರ, ತೂಬಿನ ಕಬ್ಬಿಣದ ಮೇಲೆ ಮಿಂಚುಳ್ಳಿ ಬಂದು ಕೂತೇ ಕೂರುತ್ತದೆ. ಕೊಳದ ಬಕ ದಂಡೆಯ ಕಲ್ಲಿನ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ಮುದುಡಿ ನಿಂತಿರುತ್ತದೆ. ಬೆನ್ನಿನ ಗರಿಯ ಮೇಲೆ ಇಬ್ಬನಿಯ ಸಣ್ಣ ಸಣ್ಣ ಹನಿ ಸಾಲಾಗಿ ಕೂತಿದ್ದರೂ ಕೊಡವಿಕೊಳ್ಳುವುದಿಲ್ಲ. ಅಂಥ ಫೋಟೊ ದೊಡ್ಡ ನೀರಿನ ಬಯಲಿನಲ್ಲಿ ಸಿಗುವುದಿಲ್ಲ.

ತುಂಗಭದ್ರಾ ಹಿನ್ನೀರಿಗೆ ಹೋಗುವವರು ಒಂದು ನೆನಪಿಡಿ. ಜಲಾಶಯ ತುಂಬಿದಾಗ ಹೊಲದ ಅಂಚಿಗೆ ಬರುವ ನೀರು, ಬೇಸಿಗೆ ಹತ್ತಿರವಾದಂತೆ ಹಿಂದೆ ಸರಿಯುತ್ತಾ ಹೋಗುತ್ತದೆ. ಹೋದ ತಿಂಗಳು ಕೂತ ಜಾಗದಿಂದ ಈ ತಿಂಗಳು ನೀರಿನ ಅಂಚು ಎಷ್ಟೋ ದೂರ ಹೋಗಿರುತ್ತದೆ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಆ ಅಂಚಿನ ಜೊತೆಗೇ ಸರಿಯುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ನೀರಿಗೆ ಮರಳುವ ಹಕ್ಕಿ ಅದು, ಹಾಗಾಗಿ ಹೊಲಕ್ಕೂ ನೀರಿಗೂ ನಡುವೆ ಕೂರಿ. ಮಂಜಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಇನ್ನು ಅಣೆಕಟ್ಟಿನ ಗೋಡೆ, ಗೇಟುಗಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಅಲ್ಲಿ ಕಾವಲಿರುತ್ತದೆ, ಸುಮ್ನೆ ರಗಳೆ.

ಸಾಣಾಪುರ ಕೆರೆ, ದರೋಜಿ ಕೆರೆ, ಕಂಪ್ಲಿ ಕಡೆಯ ನದಿ ಪಾತ್ರ, ರಾಯಚೂರಿನವರಿಗೆ ಕೃಷ್ಣೆಯ ದಂಡೆ, ಇವೆಲ್ಲ ಚೆನ್ನಾಗಿವೆ. ನದಿಯ ಮೇಲೆ ಬೆಚ್ಚನೆ ನೀರಿನಿಂದ ಹಬೆಯಂತೆ ಏಳುವ ಮಂಜು ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ, ಅದರ ಮೇಲೆ ಹಕ್ಕಿಯ ತಲೆ, ಕತ್ತು ಮಾತ್ರ ಕಾಣುವ ಚೌಕಟ್ಟು ಸಿಗುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿ ಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ದಂಡೆಯ ಬಿಲಗಳ ಹತ್ತಿರ ಕೂರಬೇಡಿ.

ಅಂಕಸಮುದ್ರಕ್ಕೆ ಹೋಗಲಾ ಎಂದು ಕೇಳುವವರು ಬಹಳ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿದ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೂ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಹೋಗಿ, ಆದರೆ ದಟ್ಟ ಮಂಜಿನ ದಿನ ಬೇಡ. ಹಕ್ಕಿ ಕೂರುವ ಮರಗಳು ನೀರಿನ ನಡುವೆ ಇವೆ, ಏರಿಯಿಂದ ಏನೂ ಸಿಗುವುದಿಲ್ಲ.

ಹಂತ 3: ಸಾಮಾನು

ದೊಡ್ಡ ಪಟ್ಟಿ ಬೇಡ. 300ರಿಂದ 500 ಎಂಎಂ ಮುಟ್ಟುವ ಒಂದು ಲೆನ್ಸ್, ಅದರ ಹುಡ್ (ಲೆನ್ಸಿನ ಮುಂದೆ ಹಾಕುವ ಕೊಳವೆ), ಒಣ ಮೈಕ್ರೋಫೈಬರ್ ಬಟ್ಟೆ ಮೂರು, ದೊಡ್ಡ ಪ್ಲಾಸ್ಟಿಕ್ ಚೀಲ ಎರಡು, ಲೆನ್ಸ್ ಇಡಲು ಒಂದು ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ), ಕೆಂಪು ಬೆಳಕಿನ ಸಣ್ಣ ಟಾರ್ಚ್. ಹುಡ್ ಬಿಸಿಲಿಗೆ ಮಾತ್ರ ಅಂತ ಮನೆಯಲ್ಲಿ ಬಿಟ್ಟು ಬರುತ್ತಾರೆ. ಮಂಜಿನಲ್ಲಿ ಅದರ ಕೆಲಸ ಜಾಸ್ತಿ. ಲೆನ್ಸಿನ ಮುಂಗಾಜು ತೆರೆದ ಆಕಾಶಕ್ಕೆ ಮುಖಮಾಡಿದರೆ ಬೇಗ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ, ಹುಡ್ ಅದನ್ನು ತಡಮಾಡಿಸುತ್ತದೆ.

ಬೀನ್ ಬ್ಯಾಗಿಗೆ ಜೋಳ ತುಂಬಿ. ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಎರಡೂ ಕಡೆ ಹೊಲಿದರೆ ಚೀಲ ಸಿದ್ಧ. ಮುಕ್ಕಾಲು ತುಂಬಿಸಿ, ಪೂರ್ತಿ ಬೇಡ, ಲೆನ್ಸ್ ಕೂರಲು ಗುಳಿ ಬೀಳಬೇಕು. ಭತ್ತದ ಹೊಟ್ಟು ಹಗುರ, ಮಿಲ್ಲಿನಲ್ಲಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಭಾರದ ಲೆನ್ಸ್ ಇಟ್ಟರೆ ಕುಸಿಯುತ್ತದೆ. ಕಾಲುವೆ ದಂಡೆಯಲ್ಲಿ, ಬದುವಿನ ಮೇಲೆ, ಕಾರಿನ ಕಿಟಕಿಯಲ್ಲಿ ಟ್ರೈಪಾಡ್‌ಗಿಂತ ಇದೇ ವಾಸಿ.

ಯುವಿ ಫಿಲ್ಟರ್ ಬಿಚ್ಚಿಡಿ, ತೇವ ಹಿಡಿಯಲು ಅದು ಇನ್ನೊಂದು ಗಾಜು. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದರೆ ಮೊದಲೇ ಕಡಿಮೆಯಿರುವ ಬೆಳಕು ಇನ್ನೂ ಕಡಿಮೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಎದುರಿನ ಒಂದೊಂದು ಹನಿಯೂ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತದೆ, ಹಕ್ಕಿಗೂ ಗಾಬರಿ. ಇನ್ನು ಚಳಿಗೆ ಬ್ಯಾಟರಿ ಸಾಯುತ್ತದೆ, ನಾಲ್ಕು ಇಟ್ಟುಕೊಳ್ಳಿ ಎಂಬ ಸಲಹೆ ಹಿಮ ಬೀಳುವ ಊರಿನವರದು. ನಮ್ಮ ಚಳಿಗೆ ಒಂದು ಹೆಚ್ಚುವರಿ ಬ್ಯಾಟರಿ ಸಾಕು.

ಹಂತ 4: ಹೋಗುವ ದಾರಿ, ಕೂರುವ ಜಾಗದ ಅಪಾಯ

ಡಿಸೆಂಬರ್ ಮೊದಲ ವಾರ ಇಲ್ಲಿ ಸೂರ್ಯ ಹುಟ್ಟುವುದು 6.35ರ ಸುಮಾರಿಗೆ, ಜನವರಿಯಲ್ಲಿ 6.50ರ ಆಸುಪಾಸು. ಅದಕ್ಕಿಂತ ಮುಕ್ಕಾಲು ಗಂಟೆ ಮೊದಲು ಜಾಗದಲ್ಲಿರಿ. ಅಂದರೆ ಕತ್ತಲಲ್ಲಿ, ಮಂಜಿನಲ್ಲಿ ಗಾಡಿ ಓಡಿಸಬೇಕು. ಹೆಡ್‌ಲೈಟ್ ಲೋ ಬೀಮ್‌ನಲ್ಲಿರಲಿ. ಭತ್ತದ ಸುಗ್ಗಿಯಲ್ಲಿ ಕೊಯ್ಲು ಯಂತ್ರ, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಸ್ತೆ ಮಧ್ಯೆ ನಿಂತಿರುತ್ತವೆ. ಸಿಂಧನೂರು ರಸ್ತೆಯಲ್ಲಿ ಓಡಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕಾರಿನಲ್ಲಿ ಹೋಗುವವರು ಎಸಿಯನ್ನೂ ಹಾಕಬೇಡಿ, ಹೀಟರನ್ನೂ ಹಾಕಬೇಡಿ. ಕಿಟಕಿ ಸ್ವಲ್ಪ ಇಳಿಸಿ, ಕ್ಯಾಮೆರಾ ಹೊರಗಿನ ಗಾಳಿಯ ಹದಕ್ಕೆ ಬರಲಿ. ಎಸಿಯಲ್ಲಿ ತಣ್ಣಗಾದ ಲೆನ್ಸನ್ನು ತೇವದ ಗಾಳಿಗೆ ತೆಗೆದರೆ ಕೂಡಲೇ ಮಬ್ಬು ಹಿಡಿಯುತ್ತದೆ.

ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆ ಇದೆ. ನೀರಿಗೆ ಇಳಿದು, ಅಂಚಿನಲ್ಲಿ ಬೋರಲು ಮಲಗಿ ತೆಗೆಯುವ ಭಂಗಿ ನಮ್ಮ ನದಿಗೆ ಸಲ್ಲದು. ಹಿನ್ನೀರು ಸರಿದ ಜಾಗದ ಎರೆಮಣ್ಣು ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲು ತನಕ ಹೋಗುತ್ತದೆ. ಗದ್ದೆ ಬದುವಿನಲ್ಲಿ ಕೊಳಕುಮಂಡಲ ಇರುತ್ತದೆ, ಕೂರುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಆನೆಗೊಂದಿ, ದರೋಜಿ ಕಡೆಯ ಗುಡ್ಡದ ಸಾಲಿಗೆ ನಸುಕಿನಲ್ಲಿ ಹೋಗುವುದೇ ಬೇಡ. ಕರಡಿ, ಚಿರತೆ ಎರಡೂ ಇವೆ, ಮಂಜಿನಲ್ಲಿ ನಿಮಗೂ ಅವು ಕಾಣುವುದಿಲ್ಲ, ಅವಕ್ಕೂ ನೀವು ಕಾಣುವುದಿಲ್ಲ. ಎಲ್ಲಿಗೇ ಹೋದರೂ ಜೊತೆಗೆ ಒಬ್ಬರಿರಲಿ. ಗದ್ದೆ ಯಾರದೋ ಅವರನ್ನು ಒಂದು ಮಾತು ಕೇಳಿ. "ಅಣ್ಣಾ, ಬೆಳಿಗ್ಗೆ ಹಕ್ಕಿ ಫೋಟೊ ತೆಗಿಯಾಕ ಇಲ್ಲಿ ಕುಂತರ ನಡೀತೈತಾ?" ಅಂದರೆ ಬೇಡ ಅನ್ನುವವರು ಕಡಿಮೆ. ಯಾವ ಮೂಲೆಗೆ ಹಕ್ಕಿ ಬರುತ್ತದೆ ಅನ್ನುವುದನ್ನೂ ಅವರೇ ಹೇಳುತ್ತಾರೆ.

ಹಂತ 5: ಮಂಜನ್ನು ಅಳೆಯಿರಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಕ್ಯಾಮೆರಾ ಇನ್ನೂ ಚೀಲದಲ್ಲೇ ಇರಲಿ.

ಸಾಲಾಗಿ ನಿಂತ ಕರೆಂಟು ಕಂಬಗಳನ್ನು ನೋಡಿ. ಎಷ್ಟನೇ ಕಂಬ ಪೂರ್ತಿ ಮಾಯವಾಗುತ್ತದೆ ಎಣಿಸಿ. ಕಂಬಗಳ ನಡುವಿನ ದೂರ ಜಾಗದಿಂದ ಜಾಗಕ್ಕೆ ಬೇರೆ, ಹಿಂದಿನ ಸಂಜೆಯೇ ಹೆಜ್ಜೆ ಹಾಕಿ ಅಳೆದುಕೊಂಡಿದ್ದರೆ ಒಳ್ಳೆಯದು. ಕಂಬ ಮಾಯವಾಗುವ ಆ ದೂರವೇ ಅವತ್ತಿನ ಗೋಚರ ದೂರ. ಅದು 200 ಮೀಟರ್ ಎಂದಿಟ್ಟುಕೊಳ್ಳೋಣ.

ಈಗ ಲೆಕ್ಕ. ದೂರ ಹೆಚ್ಚಿದಂತೆ ಹಕ್ಕಿಗೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ವ್ಯತ್ಯಾಸ) ಒಂದೇ ಸಮ ಇಳಿಯುವುದಿಲ್ಲ, ಮೊದಲ ಹೆಜ್ಜೆಗಳಲ್ಲೇ ಸರ್ರನೆ ಬೀಳುತ್ತದೆ. ಗೋಚರ ದೂರದ ಹತ್ತನೇ ಒಂದು ಭಾಗದಲ್ಲಿ, ಅಂದರೆ 20 ಮೀಟರಿನಲ್ಲಿ, ಸುಮಾರು ಮುಕ್ಕಾಲು ಭಾಗ ಉಳಿದಿರುತ್ತದೆ. 40 ಮೀಟರಿನಲ್ಲಿ ಅರ್ಧಕ್ಕೆ ಬಂತು. 100 ಮೀಟರಿಗೆ ಹೋದರೆ ಐದನೇ ಒಂದು ಭಾಗದ ಹತ್ತಿರ. ಹಕ್ಕಿ ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆಯಲ್ಲ ಅನ್ನಿಸುತ್ತದೆ, ಸೆನ್ಸರಿಗೆ ಹೋಗುವುದು ಅಷ್ಟೇ.

ಜೂಮ್ ಮಾಡಿದರೆ ಹಕ್ಕಿ ದೊಡ್ಡದಾಗುತ್ತದೆ, ನಡುವಿನ ಮಂಜು ಕಡಿಮೆಯಾಗುವುದಿಲ್ಲ. 600 ಎಂಎಂ ಲೆನ್ಸಿನಲ್ಲಿ 80 ಮೀಟರ್ ದೂರದಿಂದ ತೆಗೆದದ್ದಕ್ಕಿಂತ, 300 ಎಂಎಂನಲ್ಲಿ 20 ಮೀಟರಿನಿಂದ ತೆಗೆದದ್ದು ಯಾವತ್ತೂ ಮೇಲು. ಸಾವಿರಗಟ್ಟಲೆ ಕೊಟ್ಟು ಟೆಲಿಕನ್ವರ್ಟರ್ (ಲೆನ್ಸಿನ ಜೂಮ್ ಹೆಚ್ಚಿಸುವ ಉಪಕರಣ) ಕೊಳ್ಳುವ ಮೊದಲು ಇದನ್ನು ಯೋಚಿಸಿ.

ಹಾಗಾಗಿ ನಿಯಮ ಹೀಗೆ. ಗರಿ, ಕಣ್ಣು, ಕೊಕ್ಕು ಬೇಕೆಂದರೆ ಗೋಚರ ದೂರದ ಹತ್ತನೇ ಒಂದು ಭಾಗದೊಳಗೆ. ಹಕ್ಕಿಯ ಆಕಾರ ಮಾತ್ರ ಸಾಕೆಂದರೆ ಮೂರನೇ ಒಂದು ಭಾಗದವರೆಗೆ. ಅದಕ್ಕೂ ಆಚೆ ಇರುವುದು ನೋಡಲಿಕ್ಕೆ, ತೆಗೆಯಲಿಕ್ಕಲ್ಲ. ಗೋಚರ ದೂರ 50 ಮೀಟರಿಗಿಂತ ಕಡಿಮೆ ಇದ್ದರೆ ಕ್ಯಾಮೆರಾ ಮುಚ್ಚಿ, ಮಂಜು ತೆಳುವಾಗಲು ಕಾಯಿರಿ.

ಹಂತ 6: ಬೆಳಕಿಗೆ ಎದುರಾಗಿ ಕೂರಿ

ಬಿಸಿಲಿನ ದಿನ ಸೂರ್ಯ ಬೆನ್ನ ಹಿಂದಿರಬೇಕು ಎಂದು ಎಲ್ಲರೂ ಕಲಿತಿರುತ್ತೀರಿ. ಮಂಜಿನಲ್ಲಿ ಅದನ್ನು ಮರೆತುಬಿಡಿ. ಬೆಳಕು ಬೆನ್ನ ಹಿಂದಿದ್ದರೆ ನಿಮ್ಮ ಎದುರಿನ ಮಂಜೆಲ್ಲ ಬೆಳಗಿ ಬಿಳಿ ಗೋಡೆಯಾಗುತ್ತದೆ, ಅದರೊಳಗೆ ಬೆಳ್ಳಕ್ಕಿ ಕಳೆದೇ ಹೋಗುತ್ತದೆ. ಸೂರ್ಯನ ಕಡೆಗೆ ಮುಖ ಮಾಡಿ, ಆದರೆ ನೇರಕ್ಕಲ್ಲ, 20-30 ಡಿಗ್ರಿ ಓರೆಯಾಗಿ ಕೂತರೆ ಹಕ್ಕಿ ಕಪ್ಪಾಗಿ, ಅಂಚು ಹೊಳೆಯುವ ಹಾಗೆ ಬರುತ್ತದೆ.

ನೀರುಕಾಗೆ, ಬಾಯ್ಕಳಕ ಕೊಕ್ಕರೆ, ಹೆಜ್ಜಾರ್ಲೆ ಇಂಥ ದಪ್ಪ ಆಕಾರದ ಹಕ್ಕಿಗಳು ಇದಕ್ಕೆ ಹೇಳಿಮಾಡಿಸಿದವು. ಬಾಯ್ಕಳಕದ ಕೊಕ್ಕಿನ ನಡುವಿನ ಸಂದು ಕಾಣಬೇಕೆಂದರೆ ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ಎದುರಿಗೆ ಮುಖ ಮಾಡಿದ ನೆರಳಿನಿಂದ ಏನೂ ತಿಳಿಯುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಹಕ್ಕಿಗಿಂತ, ನಡುವೆ ಬೆಳಕು ತೋರುವ ಎರಡೇ ಹಕ್ಕಿ ಸಾಕು.

ಹಂತ 7: ಎಕ್ಸ್‌ಪೋಷರ್

ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದು ಎಂದೇ ತಿಳಿಯುತ್ತದೆ. ಮಂಜು ಬಿಳಿ. ಅದನ್ನೂ ಬೂದಿಗೆ ಎಳೆದು ಫೋಟೊ ಕತ್ತಲೆ ಮಾಡಿಬಿಡುತ್ತದೆ. ಎಲ್ಲರ ಫೋಟೊ ಬೂದಿ ಬಣ್ಣಕ್ಕೆ ಬರುವುದು ಹೀಗೆ.

ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +0.7ರಿಂದ ಶುರುಮಾಡಿ. ನೀರುಕಾಗೆಯಂಥ ಕಪ್ಪು ಹಕ್ಕಿಯ ಗರಿ ಕಾಣಬೇಕೆಂದರೆ +1.3, ಕೆಲವೊಮ್ಮೆ +1.7. ಬೆಳ್ಳಕ್ಕಿಗೆ +0.7 ದಾಟಿದರೆ ಎಚ್ಚರ, ಬೆನ್ನಿನ ಗರಿಗಳು ಸುಣ್ಣ ಬಳಿದಂತಾಗುತ್ತವೆ. ಸೂರ್ಯನಿಗೆ ಎದುರಾಗಿ ನೆರಳು ಚಿತ್ರಕ್ಕೆ ಸೊನ್ನೆ ಅಥವಾ +0.3 ಸಾಕು. ಹಿಸ್ಟೋಗ್ರಾಂನಲ್ಲಿ (ಚಿತ್ರದ ಕಪ್ಪು ಎಡಕ್ಕೆ, ಬಿಳುಪು ಬಲಕ್ಕೆ ತೋರಿಸುವ ನಕ್ಷೆ) ಗುಡ್ಡೆ ನಡುವಿನಿಂದ ಬಲಕ್ಕೆ ಇರಬೇಕು, ಬಲ ಗೋಡೆಗೆ ತಾಗಬಾರದು. ಪರದೆಯ ಚಿತ್ರ ನೋಡಿ ನಿರ್ಧರಿಸಬೇಡಿ. ನಸುಗತ್ತಲಲ್ಲಿ ಪರದೆ ಯಾವಾಗಲೂ ಬೆಳಗಿದಂತೆ ಕಾಣುತ್ತದೆ.

ಶಟರ್ ವೇಗ ಕೂತ ಹಕ್ಕಿಗೆ 1/500 ಸೆಕೆಂಡ್, ಬೀನ್ ಬ್ಯಾಗ್ ಮೇಲೆ ಅಲುಗದ ಬಕಕ್ಕೆ 1/125 ಆದರೂ ನಡೆಯುತ್ತದೆ. ಹಾರುವುದಕ್ಕೆ 1/1600. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) ಜಾಸ್ತಿಯಾಯಿತು ಎಂದು ಹೆದರಿ ಕತ್ತಲೆ ಫೋಟೊ ತೆಗೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಐಎಸ್‌ಒ 800ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಎತ್ತಿದ್ದಕ್ಕಿಂತ, 3200ರಲ್ಲಿ ಸರಿಯಾಗಿ ತೆಗೆದದ್ದರಲ್ಲಿ ಕಾಳು (ನಾಯ್ಸ್, ಅಂದರೆ ಚಿತ್ರದ ಮೇಲಿನ ಮರಳಿನಂಥ ಚುಕ್ಕೆ) ಕಡಿಮೆ. ಶಟರ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ) ನೀವೇ ಇಟ್ಟು ಐಎಸ್‌ಒ ಆಟೊಗೆ ಬಿಡಿ. ಮಂಜಿನಲ್ಲಿ ಬೆಳಕು ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಪೂರ್ಣ ಚಿತ್ರ) ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ಹೊಂದಿಕೆ) 5200 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ಒಂದು ಚಿತ್ರ ನೀಲಿ, ಮುಂದಿನದು ಹಳದಿ.

ಹಂತ 8: ಫೋಕಸ್

ಆಟೊಫೋಕಸ್ ಹುಡುಕುವುದು ಕಾಂಟ್ರಾಸ್ಟ್ ಇರುವ ಗೆರೆಯನ್ನು. ಮಂಜು ಅದನ್ನೇ ಅಳಿಸಿಬಿಟ್ಟಿರುತ್ತದೆ. ಲೆನ್ಸ್ ಹಿಂದೆ ಮುಂದೆ ಓಡಾಡಿ ಕೊನೆಗೆ ಎದುರಿನ ಹುಲ್ಲಿಗೆ ಕಚ್ಚಿಕೊಳ್ಳುತ್ತದೆ.

ಮೊದಲು ಲೆನ್ಸಿನ ಪಕ್ಕದ ಲಿಮಿಟರ್ ಸ್ವಿಚ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಗುಂಡಿ) ನೋಡಿ, ಹತ್ತಿರದ ವ್ಯಾಪ್ತಿಯನ್ನು ಬಂದ್ ಮಾಡಿ. ಆಮೇಲೆ ಒಂದೇ ಸಣ್ಣ ಪಾಯಿಂಟ್ ಆರಿಸಿ. ಅದನ್ನು ಹಕ್ಕಿಯ ಎದೆಯ ಮೇಲಿಡಬೇಡಿ, ಅದು ಬರೀ ಸಪಾಟು ಬಣ್ಣ. ಕೊಕ್ಕು ಮಂಜಿಗೆ ತಾಗುವ ಅಂಚು, ಕತ್ತಿನ ಗೆರೆ, ಕಾಲು ಕಲ್ಲಿಗೆ ಸೇರುವ ಜಾಗ, ಇವುಗಳ ಮೇಲಿಡಿ. ಎರಡು ಮೂರು ಫೋಟೊ ತೆಗೆದು ಫೋಕಸ್ ಬಿಟ್ಟು ಮತ್ತೆ ಹಿಡಿಯಿರಿ. ಒಂದೇ ಫೋಕಸ್‌ನಲ್ಲಿ ಉದ್ದಕ್ಕೆ ಒತ್ತುತ್ತಾ ಹೋದರೆ ಎಲ್ಲವೂ ಒಟ್ಟಿಗೇ ಹಾಳು.

ಹಕ್ಕಿಯ ಕಣ್ಣು ಹಿಡಿಯುವ ಹೊಸ ಕ್ಯಾಮೆರಾಗಳು ಹತ್ತಿರದ ಹಕ್ಕಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಪರದೆಯ ಮೇಲಿನ ಚೌಕ ಹಕ್ಕಿಯಿಂದ ಕಲ್ಲಿಗೆ, ಕಲ್ಲಿನಿಂದ ಹಕ್ಕಿಗೆ ನೆಗೆಯತೊಡಗಿದರೆ ಅದೇ ಎಚ್ಚರಿಕೆಯ ಗಂಟೆ. ಕೂಡಲೇ ಆ ಸೌಲಭ್ಯ ಬಂದ್ ಮಾಡಿ, ಸಣ್ಣ ಪಾಯಿಂಟಿಗೆ ಬನ್ನಿ. ಅದೂ ಹಿಡಿಯದಿದ್ದರೆ ಮ್ಯಾನ್ಯುಯಲ್. ಚಿತ್ರವನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದ ತಿರುಗಿಸಿ. ಅಂಚಿಗೆ ಬಣ್ಣ ತೋರಿಸುವ ಫೋಕಸ್ ಪೀಕಿಂಗ್ ಅನ್ನು ಮಂಜಿನಲ್ಲಿ ನಂಬಬೇಡಿ.

ಹಾರುವ ಹಕ್ಕಿಗೆ ಬೆನ್ನಟ್ಟಿ ಫೋಕಸ್ ಮಾಡುವುದು ದಂಡ. ಅವು ಬರುವ ದಾರಿಯಲ್ಲಿರುವ ಒಂದು ಕಲ್ಲಿಗೋ ಜೊಂಡಿಗೋ ಮೊದಲೇ ಫೋಕಸ್ ಮಾಡಿ ಲಾಕ್ ಮಾಡಿ, ಅಪರ್ಚರ್ ಎಫ್/8 ಇಟ್ಟು ಕಾಯಿರಿ. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾದಲ್ಲಿ 400 ಎಂಎಂಗೆ 30 ಮೀಟರ್ ದೂರದಲ್ಲಿ ಆಗಲೂ ಸ್ಪಷ್ಟವಾಗಿರುವ ಪಟ್ಟಿ 2 ಮೀಟರಿಗಿಂತ ಕಡಿಮೆ. ಹಾಗಾಗಿ ಹಕ್ಕಿ ಆ ಕಲ್ಲಿನ ಸಮಕ್ಕೆ ಬರುವ ಸ್ವಲ್ಪ ಮೊದಲೇ ಒತ್ತಲು ಶುರುಮಾಡಬೇಕು.

ಹಂತ 9: ಹತ್ತು ಫೋಟೊ ಆದಮೇಲೆ ನಿಲ್ಲಿಸಿ, ರೋಗ ಯಾವುದು ನೋಡಿ

ಇದನ್ನು ಮಾಡುವವರೇ ಕಡಿಮೆ. ಒಂದು ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಮಸುಕು ಎಲ್ಲವೂ ಒಂದೇ ಅಲ್ಲ.

ಹುಲ್ಲು, ಕಲ್ಲು ಸ್ಪಷ್ಟ, ಹಕ್ಕಿ ಮಸುಕು: ಫೋಕಸ್ ತಪ್ಪಿದೆ. ಇಡೀ ಚಿತ್ರ ಮಸುಕು, ಬೆಳಕಿನ ಸುತ್ತ ಪ್ರಭೆ: ಲೆನ್ಸಿನ ಮೇಲೆ ಇಬ್ಬನಿ ಕೂತಿದೆ, ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ, ಬಾಯಿಂದ ಊದಲೇಬೇಡಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಜೋಡಿಯಾಗಿ ಕಂಡರೆ ಕೈ ಅಲುಗಿದೆ, ಶಟರ್ ವೇಗ ಏರಿಸಿ. ಅಂಚು ಚೂಪಾಗಿದೆ, ಬಣ್ಣ ಮಾತ್ರ ಪೇಲವ: ಅದು ನಿಜವಾದ ಮಂಜು, ಅದನ್ನು ಮನೆಯಲ್ಲಿ ಸರಿಮಾಡಬಹುದು. ಒಂದು ಚಿತ್ರದಲ್ಲಿ ಹಕ್ಕಿ ಚೂಪು, ಮುಂದಿನದರಲ್ಲಿ ಕಲಸಿದಂತೆ, ಮತ್ತೆ ಚೂಪು: ಗಾಳಿ ಅಲುಗುತ್ತಿದೆ. ಬಿಸಿಲಿಗೆ ಎರೆಹೊಲ ಕಾಯತೊಡಗಿದಾಗ, ಅಥವಾ ಬೆಚ್ಚನೆ ನೀರಿನ ಮೇಲೆ ತಣ್ಣನೆ ಗಾಳಿ ಇದ್ದಾಗ ಹೀಗಾಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಹತ್ತಿರದ ಹಕ್ಕಿಗೆ ತಿರುಗಿ, ಇಲ್ಲವೇ ಚಹಾಕ್ಕೆ ಹೊರಡಿ.

ಹಂತ 10: ಹಕ್ಕಿಯನ್ನು ಎಬ್ಬಿಸಬೇಡಿ

ಮಂಜಿನಲ್ಲಿ ಹಕ್ಕಿ ತಡವಾಗಿ ಹೊರಡುತ್ತದೆ. ಹದ್ದುಗಳು ಬಿಸಿಗಾಳಿ ಏಳುವವರೆಗೂ ಕೂತೇ ಇರುತ್ತವೆ. ಬೆಳ್ಳಕ್ಕಿಗಳು ರಾತ್ರಿ ತಂಗಿದ ಮರದಿಂದ ನಿಧಾನವಾಗಿ ಇಳಿಯುತ್ತವೆ. ಇದು ನಿಮಗೆ ಅನುಕೂಲ, ಆದರೆ ಇದನ್ನೇ ನಂಬಿ ನುಗ್ಗಬೇಡಿ. ದೊಡ್ಡ ಹಿಂಡನ್ನು ಮಂಜಿನಲ್ಲಿ ಎಬ್ಬಿಸಿದರೆ ಅವು ಕರೆಂಟು ತಂತಿಗೆ ಬಡಿದು ಸಾಯುವ ಅಪಾಯವಿದೆ. ರಾಜಹಂಸ, ಕೊಕ್ಕರೆಯಂಥ ದೊಡ್ಡ ಹಕ್ಕಿಗಳಿಗೆ ತಂತಿ ಕಂಡ ಮೇಲೆ ತಟ್ಟನೆ ತಿರುಗಲು ಆಗುವುದಿಲ್ಲ.

ಹಕ್ಕಿ ಕತ್ತು ಎತ್ತಿ ಮೇಯುವುದನ್ನು ನಿಲ್ಲಿಸಿತು ಅಂದರೆ ನೀವೂ ನಿಲ್ಲಿ. ಟಿಟ್ಟಿಭ ಕೂಗಲು ಶುರುಮಾಡಿದರೆ ಸುತ್ತಲಿನ ಎಲ್ಲ ಹಕ್ಕಿಗೂ ಸುದ್ದಿ ಹೋಯಿತು, ಕಾಲು ಗಂಟೆ ಅಲುಗದೆ ಕೂರಿ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಬೇಡ.

ಹಂತ 11: ಮಂಜು ಏಳುವ ಹೊತ್ತು

ಸಾಮಾನ್ಯವಾಗಿ 8 ಗಂಟೆ ಸುಮಾರಿಗೆ ಮಂಜು ತೆಳುವಾಗುತ್ತದೆ. ಇಡೀ ಬೆಳಗಿನ ಒಳ್ಳೆ ಫೋಟೊ ಬರುವುದು ಈ ಇಪ್ಪತ್ತು ನಿಮಿಷದಲ್ಲೇ, ಆದರೆ ಅಷ್ಟೊತ್ತಿಗೆ ಬಹಳ ಮಂದಿ ಸಾಮಾನು ಕಟ್ಟಿರುತ್ತಾರೆ. ಗೋಚರ ದೂರವನ್ನು ಮತ್ತೆ ಎಣಿಸಿ. 200 ಮೀಟರ್ ಇದ್ದದ್ದು 500 ಆದರೆ ನಿಮ್ಮ ವ್ಯಾಪ್ತಿ 50 ಮೀಟರಿಗೆ ಹಿಗ್ಗಿತು. ಕಾಂಪೆನ್ಸೇಷನ್ ಸ್ವಲ್ಪ ಇಳಿಸಿ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದು, ಮೈನಾಗಳು ಇಬ್ಬನಿ ಕೊಡವುವುದು ಎಲ್ಲ ಈಗಲೇ. ಕೊಡವುವ ಹನಿ ಹೊಳೆಯಬೇಕೆಂದರೆ ಹಿನ್ನೆಲೆ ಕಪ್ಪಾಗಿರಬೇಕು, ಬೆಳಕು ಎದುರಿನಿಂದಿರಬೇಕು, ಶಟರ್ 1/2000.

ಮೊಬೈಲ್ ಮಾತ್ರ ಇದ್ದವರು ಬೇಜಾರಾಗಬೇಕಿಲ್ಲ. ಡಿಜಿಟಲ್ ಜೂಮ್ ಮುಟ್ಟಬೇಡಿ. ಕಾಲುವೆ, ಒಂಟಿ ಜಾಲಿ ಗಿಡ, ಅದರ ಮೇಲೊಂದು ಕಾಜಾಣ, ಇಷ್ಟನ್ನು ಅಗಲಕ್ಕೆ ತೆಗೆಯಿರಿ. ಪರದೆ ಒತ್ತಿಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಎಷ್ಟೋ ಸಲ ಇದೇ ಫೋಟೊ ದೊಡ್ಡ ಲೆನ್ಸಿನವರದ್ದಕ್ಕಿಂತ ಚೆನ್ನಾಗಿರುತ್ತದೆ.

ಹಂತ 12: ವಾಪಸ್ ಬಂದಮೇಲೆ

ಲೆನ್ಸ್ ಬದಲಿಸುವುದನ್ನು ಮಂಜಿನಲ್ಲಿ ಮಾಡಬೇಡಿ. ಹೊರಕ್ಕೆ ಉದ್ದವಾಗುವ ಜೂಮ್ ಲೆನ್ಸನ್ನು ಸುಮ್ಮಸುಮ್ಮನೆ ಹಿಂದೆ ಮುಂದೆ ಆಡಿಸಬೇಡಿ, ಪ್ರತಿ ಸಲವೂ ತೇವದ ಗಾಳಿ ಒಳಗೆ ಹೋಗುತ್ತದೆ. ಮೈ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಬ್ಯಾಗಿನೊಳಗಿಡಿ. ಮಿರ್ಚಿ ಕರಿಯುವ, ಚಹಾ ಕುದಿಯುವ ಹೋಟೆಲಿನೊಳಗೆ ತಣ್ಣನೆ ಕ್ಯಾಮೆರಾ ಟೇಬಲ್ ಮೇಲಿಟ್ಟು ಫೋಟೊ ನೋಡುತ್ತಾ ಕೂತರೆ ಲೆನ್ಸಿನ ತುಂಬ ಹಬೆ. ಮನೆಯಲ್ಲಿ ಒಂದು ಗಂಟೆ ಬಿಟ್ಟು ಚೀಲ ಬಿಚ್ಚಿ. ಆಮೇಲೆ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಅಕ್ಕಿ ಚೀಲದಲ್ಲಿ ಹೂತಿಡಿ ಎನ್ನುವವರ ಮಾತು ಕೇಳಬೇಡಿ. ಗಂಗಾವತಿಯಲ್ಲಿ ಅಕ್ಕಿಗೆ ಬರವಿಲ್ಲ ನಿಜ, ಆದರೆ ಅದರ ಹುಡಿ ಗುಂಡಿಗಳ ಸಂದಿಗೆಲ್ಲ ಸೇರುತ್ತದೆ.

ಹಂತ 13: ಎಡಿಟಿಂಗ್

ಡಿಹೇಜ್ (ಮುಸುಕು ತೆಗೆಯುವ) ಸ್ಲೈಡರ್ ಮೊದಲು ಮುಟ್ಟಬೇಡಿ. ಅದನ್ನು 60ಕ್ಕೆ ಎಳೆದ ಫೋಟೊ ದೂರದಿಂದಲೇ ಗೊತ್ತಾಗುತ್ತದೆ. ಹಕ್ಕಿಯ ಸುತ್ತ ಬಿಳಿ ಬಳೆ, ಮಂಜಿನ ಜಾಗದಲ್ಲಿ ಮರಳು ಚೆಲ್ಲಿದಂಥ ಕಾಳು, ಆಕಾಶದಲ್ಲಿ ಕೊಳೆ.

ಮೊದಲು ವೈಟ್ ಬ್ಯಾಲೆನ್ಸ್. ಆಮೇಲೆ ಎಕ್ಸ್‌ಪೋಷರ್, ಮಂಜು ಬಿಳಿಗೆ ಹತ್ತಿರ ಇರಲಿ, ಪೂರ್ತಿ ಬಿಳಿ ಬೇಡ. ನಂತರ ಕಪ್ಪನ್ನು ಇಳಿಸಿ, ಹಕ್ಕಿಯ ಅತಿ ಕಪ್ಪು ಭಾಗ ಕಪ್ಪಾಗುವವರೆಗೆ ಮಾತ್ರ. ಈಗ ಹಕ್ಕಿಯನ್ನಷ್ಟೇ ಮಾಸ್ಕ್ ಮಾಡಿ (ಅಂದರೆ ಬೇರೆಯಾಗಿ ಆರಿಸಿ), ಅದರೊಳಗೆ ಕಾಂಟ್ರಾಸ್ಟ್, ಬೇಕಿದ್ದರೆ ಡಿಹೇಜ್ 15ರವರೆಗೆ. ಮಂಜಿರುವ ಜಾಗಕ್ಕೆ ನಾಯ್ಸ್ ಕಡಿಮೆ ಮಾಡಿ, ಶಾರ್ಪ್‌ನೆಸ್ ಕೊಡಬೇಡಿ. ಕ್ರಾಪ್ ಅರ್ಧಕ್ಕಿಂತ ಜಾಸ್ತಿ ಬೇಕಾಯಿತೆಂದರೆ ನೀವು ದೂರ ಕೂತಿದ್ದಿರಿ, ಮುಂದಿನ ಸಲ ಹಂತ 5ಕ್ಕೆ ಹೋಗಿ.

ನೆರಳು ಚಿತ್ರಗಳನ್ನು ಹಕ್ಕಿ ದಾಖಲೆ ಸೇರಿಸುವ ಜಾಲತಾಣ ಈಬರ್ಡ್‌ಗೆ ಹಾಕುವಾಗ ಅಂದಾಜಿನ ಹೆಸರು ಬರೆಯಬೇಡಿ. ಮಂಜಿನಲ್ಲಿ ದೊಡ್ಡ ಬೆಳ್ಳಕ್ಕಿ ಯಾವುದು, ಮಧ್ಯಮ ಬೆಳ್ಳಕ್ಕಿ ಯಾವುದು ಹೇಳುವುದು ಕಷ್ಟ. ಜಾತಿ ಗೊತ್ತಾಗದ ಬೆಳ್ಳಕ್ಕಿ ಎಂದು ನಮೂದಿಸಲು ಅಲ್ಲೇ ಅವಕಾಶವಿದೆ, ಅದನ್ನೇ ಆರಿಸಿ. ಗೂಡು ಕಾಣುವ ಫೋಟೊ ಇದ್ದರೆ ಹಂಚುವ ಮೊದಲು ಫೈಲಿನಲ್ಲಿರುವ ಜಿಪಿಎಸ್ ಮಾಹಿತಿ ತೆಗೆದುಹಾಕಿ.